ಎರಡನೇ ನೀರು

ಸೋಮವಾರ ಬೆಳಗ್ಗೆ ಲಾವಂಚದ ಮೂಟೆಗಳು ಲಾರಿಯಿಂದ ಇಳಿದಾಗ ಬೀದಿಗೆ ಬೀದಿಯೇ ಘಮ್ಮೆಂದಿತು. ಎದುರಿನ ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ ಬಾಗಿಲಿಗೆ ಬಂದು ನಿಂತ. ಡಬ್ಬಿ ತುಂಬುವ ಇಬ್ಬರು ಹೆಂಗಸರು ಕಣ್ಣು ಮುಚ್ಚಿ ಉಸಿರೆಳೆದುಕೊಂಡರು. ಅರೆಯುವ ಯಂತ್ರ ನೋಡಿಕೊಳ್ಳುವ ರುಬ್ಬಣ್ಣನಿಗೆ ಹದಿನೈದು ವರ್ಷ ಇದೇ ಬೇರು ಅರೆದು ಮೂಗು ಮರಗಟ್ಟಿ ಹೋಗಿತ್ತು. ಅವನೂ ಒಮ್ಮೆ ತಲೆಯೆತ್ತಿ ನೋಡಿದ. ಮುಖ ಗಂಟಿಕ್ಕಿದ್ದು ಬೇರಕ್ಕ ಒಬ್ಬಳೇ.

"ಯಾಕೋ ಜಾಸ್ತಿ ಮಾತಾಡ್ತಿದೆ ಈ ಬೇರು," ಎಂದಳು.

ರುಬ್ಬಣ್ಣ ನಕ್ಕ. "ಘಮ ಇಲ್ದಿದ್ರೂ ತಪ್ಪು, ಇದ್ರೂ ತಪ್ಪು. ನಿಮ್ಮನ್ನ ಮೆಚ್ಚಿಸೋದು ಆ ದೇವ್ರಿಂದಲೂ ಆಗಲ್ಲ ಬೇರಕ್ಕ."

"ದೇವ್ರು ನಮಗೆ ಬೇರು ಮಾರಿಲ್ಲ. ಮಾರಿದ್ರೆ ಅವನದ್ದನ್ನೂ ನೆನೆಸಿಯೇ ನೋಡ್ತಿದ್ದೆ."

ಬೇರಕ್ಕನ ನಿಜವಾದ ಹೆಸರು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ವಯಸ್ಸು ಐವತ್ತೆಂಟು. ಅದರಲ್ಲಿ ಅರ್ಧ ಆಯುಷ್ಯ ಆ ಉದ್ದನೆಯ ಶೆಡ್ಡಿನ ಕಿಟಕಿ ಪಕ್ಕ, ಒಂದು ಕಾಲು ಗಿಡ್ಡವಾದ ಸ್ಟೂಲಿನ ಮೇಲೆ, ಬೇರು ಆರಿಸುವುದರಲ್ಲಿ ಕಳೆದಿತ್ತು. ಕಾರ್ಖಾನೆ ಅವಳ ತಮ್ಮನದು. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಎರಡು ಹಂಡೆ, ಒಂದು ಅರೆಯುವ ಯಂತ್ರ, ಒಂದು ಗಾಜಿನ ಬಾಗಿಲಿನ ಕೋಣೆ, ಆ ಕೋಣೆಯೊಳಗೆ ತಮ್ಮ. ಬೇರಿನ ಕಷಾಯವನ್ನು ಎಣ್ಣೆಯಲ್ಲಿ ಹಾಕಿ ನೀರಿನಂಶ ಇಂಗುವವರೆಗೆ ಕಾಯಿಸಿ, ಜೇನುಮೇಣ ಬೆರೆಸಿ, ಅಂಗೈಯಗಲದ ತಗಡಿನ ಡಬ್ಬಿಗೆ ಹೊಯ್ಯುತ್ತಾರೆ. ಮಕ್ಕಳ ಬೆವರುಸಾಲೆಗೆ, ಬಿಸಿಲಿಗೆ ಉರಿಯುವ ಚರ್ಮಕ್ಕೆ ಹಚ್ಚುವ ಲೇಪ. ಹೆಸರು 'ಅಕ್ಕನ ತಂಪು'.

ಅಕ್ಕ ಅಂದರೆ ಇವಳೇ. ಮುಚ್ಚಳದ ಮೇಲೆ ಇವಳದೇ ಫೋಟೋ. ಹನ್ನೊಂದು ವರ್ಷದ ಹಿಂದೆ ಫೋಟೋದವನು ಕೈಗೆ ಬೇರಿನ ಕಟ್ಟು ಕೊಟ್ಟು, ಮೂಗಿನ ಹತ್ತಿರ ಹಿಡಿಸಿ, ನಗಿ ಎಂದಿದ್ದ. ಧೂಳು ಮೂಗಿಗೇರಿ ಸೀನು ಬಾಗಿಲಿಗೆ ಬಂದು ನಿಂತಿತ್ತು. ಆ ಸೀನನ್ನು ತಡೆದು ಹಿಡಿದ ಮುಖವನ್ನೇ ಜನ 'ಎಂಥಾ ತಾಯಿಯಂಥ ಮುಖ' ಎಂದು ಇಷ್ಟು ವರ್ಷವೂ ಕೊಳ್ಳುತ್ತಿದ್ದರು. ಫೋಟೋ ಕೆಳಗೆ ಸಣ್ಣ ಅಕ್ಷರದಲ್ಲಿ 'ಅಕ್ಕ ಮೂಸಿ ನೋಡಿದ್ದು' ಎಂದಿತ್ತು. ತಮ್ಮ ಅದನ್ನು ವ್ಯಾಪಾರಕ್ಕೆಂದು ಬರೆಸಿದ. ಅವಳು ಮಾತ್ರ ಅದನ್ನು ತಾನೇ ಬರೆದುಕೊಟ್ಟ ಮುಚ್ಚಳಿಕೆ ಎಂದುಕೊಂಡಳು. ಒಂದೇ ಒಂದು ಮೂಟೆಯನ್ನೂ ಅವಳು ಮೂಸದೆ ಹಂಡೆಗೆ ಬಿಟ್ಟಿರಲಿಲ್ಲ.

ಮೂಸುವುದು ಎಂದರೆ ಮೂಟೆಗೆ ಮೂಗು ತೂರಿಸಿ ತಲೆಯಾಡಿಸುವುದಲ್ಲ. ಒಳ್ಳೆಯ ಲಾವಂಚ ಒಣಗಿದ್ದಾಗ ಬಾಯಿ ಬಿಡುವುದಿಲ್ಲ, ಹತ್ತಿರ ಹಿಡಿದರೆ ಒಂದಿಷ್ಟು ಮಣ್ಣಿನ ವಾಸನೆ, ಅಷ್ಟೆ. ಅದನ್ನು ಸಂಜೆ ನೀರಿಗೆ ಹಾಕಬೇಕು. ಬೆಳಗ್ಗೆ ಆ ನೀರು ಎಷ್ಟೇ ಘಮಘಮಿಸಲಿ, ಚೆಲ್ಲಬೇಕು. ಮತ್ತೆ ಹೊಸ ನೀರು ಹಾಕಿ ಮಧ್ಯಾಹ್ನದ ಊಟದ ಹೊತ್ತಿನವರೆಗೆ ಕಾಯಬೇಕು. ಮೊದಲನೇ ನೀರು ಯಾರನ್ನು ಬೇಕಾದರೂ ನಂಬಿಸುತ್ತದೆ. ಎರಡನೇ ನೀರಿಗೆ ಸುಳ್ಳು ಹೇಳಲು ಬರುವುದಿಲ್ಲ. ಬೇರಿನೊಳಗೆ ತಂಪು ಇದ್ದರೆ ಆಗಲೂ ಅದು ಮೆಲ್ಲಗೆ ಬಂದು ಮೂಗಿನಲ್ಲಿ ಕೂರುತ್ತದೆ, ನಾಲಿಗೆಗೆ ಮುಟ್ಟಿಸಿಕೊಂಡರೆ ಗಂಟಲವರೆಗೂ ಇಳಿಯುತ್ತದೆ.

ಸೋಮವಾರ ಸಂಜೆ ನೆನೆಸಿದ್ದನ್ನು ಮಂಗಳವಾರ ಬೆಳಗ್ಗೆ ಚೆಲ್ಲಿದಾಗ ಬಚ್ಚಲೆಲ್ಲ ಮದುವೆ ಮನೆಯ ಹಾಗೆ ಘಮಘಮಿಸಿತು. ಮಧ್ಯಾಹ್ನ ಎರಡನೇ ನೀರನ್ನು ಮೂಗಿಗೆ ಹಿಡಿದರೆ ಏನೂ ಇಲ್ಲ. ನಲ್ಲಿ ನೀರು. ಒಂದು ಬೇರನ್ನು ಬಗ್ಗಿಸಿ ನೋಡಿದಳು, ಬಳುಕದೆ ಲಟ್ಟೆಂದು ಮುರಿಯಿತು.

ಹಿಂಡಿದ ಬೇರು. ಆವಿಗೆ ಹಾಕಿ ಎಣ್ಣೆಯನ್ನೆಲ್ಲ ಇಳಿಸಿಕೊಂಡು, ಉಳಿದ ನಾರನ್ನು ಒಣಗಿಸಿ, ಮೇಲೊಂದಿಷ್ಟು ಸೆಂಟು ಚಿಮುಕಿಸಿ, ಹೊಸದೆಂದು ಮಾರುವ ಬೇರು. ಚಾಪೆ ಹೆಣೆಯುವುದಕ್ಕೆ, ದಿಂಬಿಗೆ ತುಂಬುವುದಕ್ಕೆ ಆದೀತು.

ಮೂರು ಲೋಟಗಳಲ್ಲಿ ನೀರು ತೆಗೆದುಕೊಂಡು ಹೋಗಿ ತಮ್ಮನ ಮೇಜಿನ ಮೇಲಿಟ್ಟಳು.

"ಮೂಸು."

ಅವನು ಮೂಸಲಿಲ್ಲ. "ಏನಕ್ಕಾ ಇದು?"

"ನೀನು ತಂದ ಬೇರಿನ ಎರಡನೇ ನೀರು. ನಲ್ಲಿ ನೀರಿಗೂ ಇದಕ್ಕೂ ಏನಾದ್ರೂ ವ್ಯತ್ಯಾಸ ಕಂಡ್ರೆ ಹೇಳು."

ತಮ್ಮ ಕುರ್ಚಿಗೆ ಒರಗಿಕೊಂಡ. "ಯಾವ ಮಡಕೇಲಿ ನೆನೆಸಿದ್ದೆ? ಹೊಸದಾ?"

ಅವನ ಕೈಯಲ್ಲಿ ಎರಡು ವರ್ಷದಿಂದ ಇದ್ದ ಆಯುಧ ಅದೊಂದೇ, ಅದನ್ನು ಅವನು ತುಕ್ಕು ಹಿಡಿಯಲು ಬಿಟ್ಟಿರಲಿಲ್ಲ. ಎರಡು ವರ್ಷದ ಹಿಂದೆ ಹಳೆಯ ಮಡಕೆ ಒಡೆದು, ಬೇರಕ್ಕ ಆ ದಿನವೇ ಕೊಂಡ ಹೊಸ ಮಡಕೆಯಲ್ಲಿ ಬೇರು ನೆನೆಸಿದ್ದಳು. ಇನ್ನೂ ನೀರು ಕಾಣದ ಹೊಸ ಮಡಕೆ ಘಮವನ್ನೆಲ್ಲ ತಾನೇ ಕುಡಿದುಕೊಂಡಿತ್ತು. ಎರಡನೇ ನೀರು ಸಪ್ಪೆ ಎಂದು ಇವಳು ಚಿನ್ನದಂಥ ಬೇರನ್ನು ವಾಪಸ್ಸು ಕಳಿಸಿದಳು. ಪಕ್ಕದ ಬೀದಿಯ ಸೋಪಿನವರು ಅದನ್ನು ಕೊಂಡು ವರ್ಷವಿಡೀ ಮೆರೆದರು. ಮೂವತ್ತು ವರ್ಷದ ಕೆಲಸಗಾತಿ ಮಾಡಬಾರದ ತಪ್ಪು, ಮೂವತ್ತು ವರ್ಷದ ಕೆಲಸಗಾತಿ ಮಾತ್ರ ಮಾಡಬಹುದಾದ ತಪ್ಪು. ಬೇರೆಯವರಾಗಿದ್ದರೆ ಎರಡನೇ ನೀರಿನವರೆಗೆ ಹೋಗುತ್ತಲೇ ಇರಲಿಲ್ಲ.

"ಒಂದು ಹಳೇ ಮಡಕೆ, ಒಂದು ಸ್ಟೀಲ್ ಪಾತ್ರೆ, ಒಂದು ಗಾಜಿನ ಜಾಡಿ," ಎಂದಳು ಬೇರಕ್ಕ. "ಮೂರು ಲೋಟ ಅದಕ್ಕೇ. ಆವತ್ತು ತಪ್ಪು ಮಾಡಿದೆ, ಎಲ್ಲರ ಮುಂದೆ ಒಪ್ಕೊಂಡೆ. ಒಂದು ಸಲ ಎಡವಿದವಳು ಸಾಯೋವರೆಗೂ ತೆವಳ್ಕೊಂಡೇ ಹೋಗ್ಬೇಕಾ?"

ತಮ್ಮ ಕಿಟಕಿ ಕಡೆ ನೋಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ಅವನ ಕೈ ತಾನಾಗಿ ಅಂಗಿಯ ಕಾಲರಿಗೆ ಹೋಯಿತು. ಅಕ್ಕನಿಗೆ ಅಷ್ಟು ಸಾಕಾಯಿತು.

"ನಿಂಗೆ ಗೊತ್ತಿತ್ತು," ಎಂದಳು.

"ಈ ವರ್ಷ ಒಳ್ಳೇ ಬೇರು ಎಲ್ಲೂ ಇಲ್ಲಕ್ಕಾ. ನಾಲ್ಕು ಕಡೆ ಓಡಾಡಿ ಬಂದೆ. ಬಿಸಿಲು ಶುರುವಾಗಿದೆ, ಅಂಗಡಿಯವರು ಬಾಯಿ ಬಾಯಿ ಬಡ್ಕೋತಿದಾರೆ. ಶನಿವಾರ ಮೂರು ಸಾವಿರ ಡಬ್ಬಿ ವ್ಯಾನಿಗೆ ಹೋಗ್ಲೇಬೇಕು." ಅವನು ದನಿ ಇಳಿಸಿದ. "ಅಲ್ಲ, ನೀನೇ ಹೇಳು. ಹಿಂಡಿದ ಬೇರು ಹಚ್ಕೊಂಡ್ರೆ ಯಾರಿಗಾದ್ರೂ ಏನಾದ್ರೂ ಆಗುತ್ತಾ?"

"ಏನೂ ಆಗಲ್ಲ."

"ಮತ್ತೆ?"

"ಏನೂ ಆಗಲ್ಲ ಅನ್ನೋದೇ ನನ್ನ ತಕರಾರು. ಮಗು ಕೆರ್ಕೊಂಡು ಅಳ್ತಿರುತ್ತೆ. ಅದರಮ್ಮ ನನ್ನ ಮುಖ ನೋಡಿ ಹಚ್ತಾಳೆ. ಏನೂ ಆಗಲ್ಲ. ಇನ್ನೊಂದ್ಸಲ ಹಚ್ತಾಳೆ. ಏನೂ ಆಗಲ್ಲ. ಅವಳು ಬೇರನ್ನ ಬೈಯಲ್ಲ ಕಣೋ, ತನ್ನ ಕೈಗುಣ ಸರಿಯಿಲ್ಲ ಅನ್ಕೋತಾಳೆ."

"ಅಕ್ಕಾ, ನೀನು ಬೇರು ಆರಿಸೋಳು. ಕಾರ್ಖಾನೆ ನಡೆಸೋನು ನಾನು."

"ಹಾಗಾದ್ರೆ ಡಬ್ಬಿ ಮೇಲೆ ನಿನ್ನ ಮುಖ ಹಾಕ್ಕೋ."

"ನನ್ನ ಮುಖ ನೋಡಿ ಯಾರು ತಗೋತಾರೆ?" ಎಂದ ತಮ್ಮ. ಆ ವಾರವೆಲ್ಲ ಅವನು ಆಡಿದ ಮಾತುಗಳಲ್ಲಿ ನೂರಕ್ಕೆ ನೂರು ನಿಜವಾದದ್ದು ಇದೊಂದೇ. ಮರುಕ್ಷಣವೇ ಬಾಗಿಲು ತೆರೆದು, ಅರೆಯುವ ಯಂತ್ರ ಶುರುಮಾಡು ಎಂದು ರುಬ್ಬಣ್ಣನಿಗೆ ಕೂಗಿ ಹೇಳಿದ.

ರುಬ್ಬಣ್ಣ ಬೇರಕ್ಕನ ಮುಖ ನೋಡಿದ. ಅವನಿಗೂ ಮನೆ ಇದೆ, ಮಕ್ಕಳಿದ್ದಾರೆ. ಗುಂಡಿ ಒತ್ತಿದ. ಅವಳು ತಮ್ಮನ ಕಡೆ ತಿರುಗಿದಳು. ತಾನು ಮೂಗು ಒರೆಸಿ, ಕೈಹಿಡಿದು ಶಾಲೆಗೆ ಬಿಟ್ಟು ಬಂದ ತಮ್ಮ ಇವನೇ. ಮೊದಲನೇ ಹಂಡೆ ಲೇಪ ಕುದಿದದ್ದು ಅವಳು ಅಡುಗೆ ಮಾಡುತ್ತಿದ್ದ ಒಲೆಯ ಮೇಲೆ. ಆಗ ಬೇರಿಗಿಂತ ಹೆಚ್ಚು ಹೊಗೆ ಕುಡಿದಿದ್ದರು ಇಬ್ಬರೂ. ಅಳು ಬಂತು, ಆದರೆ ಅದಕ್ಕಿಂತ ಮೊದಲು ಸಿಟ್ಟು ಬಂದು ಜಾಗ ಹಿಡಿದು ಕೂತಿತ್ತು.

ಬುಧವಾರ ಬೆಳಗ್ಗೆ ಬೇರಕ್ಕ ತನ್ನ ಸ್ಟೂಲಿನ ಕಡೆ ಹೋಗಲೇ ಇಲ್ಲ. ನೇರವಾಗಿ ಲೇಬಲ್ಲಿನ ಕೋಣೆಗೆ ಹೋದಳು. ಅಲ್ಲಿ ತಮ್ಮನ ಮಗಳು ಕೂರುತ್ತಿದ್ದಳು. ಅಂಗಡಿಗಳಿಗೆ ಫೋನು ಮಾಡುವುದು, ಪ್ರಿಂಟಿಗೆ ಕೊಡುವುದು ಅವಳ ಪಾಲಿನ ಕೆಲಸ. ದುಂಡನೆಯ ಲೇಬಲ್ಲುಗಳು ನೂರು ನೂರರ ಕಟ್ಟುಗಳಲ್ಲಿ ಮೇಜಿನ ಮೇಲಿದ್ದವು. ಪಕ್ಕದಲ್ಲಿ, ಕಾಗದಗಳನ್ನು ಫೈಲಿಗೆ ಸೇರಿಸಲು ಒಂಟಿ ತೂತು ಹಾಕುವ ಪುಟ್ಟ ಪಂಚಿಂಗ್ ಮೆಷಿನ್ ಇತ್ತು.

ಬೇರಕ್ಕ ನಾಲ್ಕು ಲೇಬಲ್ಲು ಒಟ್ಟಿಗೆ ಹಿಡಿದು, ಅಳತೆ ನೋಡಿ, ಒತ್ತಿದಳು. ಮೂಗು ಸರಿಯಾಗಿ ಹಾರಿ ಬಿತ್ತು.

"ಅತ್ತೆ, ಏನ್ಮಾಡ್ತಿದೀರ?"

"ಕೆಲಸ."

ಮತ್ತೆ ನಾಲ್ಕು. ಟಕ್ಕೆಂದಿತು. ಹುಡುಗಿ ಒಂದು ಲೇಬಲ್ಲನ್ನು ಎತ್ತಿ ಬೆಳಕಿಗೆ ಹಿಡಿದಳು. ಅತ್ತೆಯ ಕಣ್ಣು, ಗಲ್ಲ, ಕಿವಿ, ಕೈಯಲ್ಲಿನ ಬೇರಿನ ಕಟ್ಟು ಎಲ್ಲ ಇದ್ದ ಹಾಗೇ ಇದ್ದವು. ನಡುವೆ ಒಂದು ದುಂಡು ತೂತು, ಅದರಾಚೆ ಕಿಟಕಿ.

"ಸಿಟ್ಟಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತಾ ಅಂತ ನೀವೇ ಹೇಳ್ತೀರಲ್ಲ ಅತ್ತೆ."

"ಹೌದು. ಬರಬಾರದು ಅಂತಲೇ ಕೊಯ್ತಿದೀನಿ."

ಬೈಯಬೇಕೋ ನಗಬೇಕೋ ಹುಡುಗಿಗೆ ತಿಳಿಯಲಿಲ್ಲ. ಆಮೇಲೆ ಎದ್ದು ಬಾಗಿಲಿಗೆ ಚಿಲಕ ಹಾಕಿ ಬಂದು, ಎರಡನೇ ಕಟ್ಟಿನ ದಾರ ಬಿಚ್ಚಿ ಅತ್ತೆಯ ಮುಂದೆ ಸರಿಸಿದಳು. ಸಂಜೆ ಆರರ ಹೊತ್ತಿಗೆ ಮೂರು ಸಾವಿರ ಮೂಗುಗಳು ಕಸದ ಬುಟ್ಟಿಯ ತಳ ಸೇರಿದ್ದವು. ಬೇರಕ್ಕನ ಹೆಬ್ಬೆರಳು ಊದಿಕೊಂಡಿತ್ತು.

ಗುರುವಾರ ತಮ್ಮ ನೋಡಿದ. ಡಬ್ಬಿ ತುಂಬುವ ಹೆಂಗಸರು ಅಂಟು ಹಚ್ಚುತ್ತಾ ಒಬ್ಬರಿಗೊಬ್ಬರು ಮೊಣಕೈಯಿಂದ ತಿವಿದುಕೊಂಡು ನಗುತ್ತಿದ್ದರು. ಒಂದು ಡಬ್ಬಿ ಎತ್ತಿಕೊಂಡು ನೋಡಿದವನ ಮುಖ ಹಂಡೆಯ ತಳದ ಬಣ್ಣಕ್ಕೆ ತಿರುಗಿತು.

"ಏನಕ್ಕಾ ಇದು ಹುಚ್ಚಾಟ?"

"ಹುಚ್ಚಾಟ ಏನಿಲ್ಲ. ಈ ಸಲ ಮೂಗು ಕೆಲಸ ಮಾಡಿಲ್ಲ, ಅದಕ್ಕೆ ತೆಗೆದೆ. ಕಣ್ಣಿದೆ, ಕಿವಿಯಿದೆ, ಗಲ್ಲ ಇದೆ. ಅವನ್ನೆಲ್ಲ ನೀನು ಬಳಸ್ಕೋ."

"ಹೊಸ ಲೇಬಲ್ ಪ್ರಿಂಟ್ ಆಗೋಕೆ ಹತ್ತು ದಿನ ಬೇಕು, ಗೊತ್ತಾ ನಿಂಗೆ?"

"ಗೊತ್ತು. ನಿನ್ನ ಮಗಳನ್ನ ಕೇಳ್ಕೊಂಡೇ ಮಾಡಿದೆ."

ಹೆಂಗಸರು ತಲೆ ತಗ್ಗಿಸಿಕೊಂಡು ನಗು ನುಂಗಿದರು. ತನ್ನ ಮನೆಯಲ್ಲಿ ಇವಳಿಗೆ ಇರಲು ಕೊಟ್ಟಿದ್ದ ಕೋಣೆಯ ವಿಷಯ ತಮ್ಮನ ನಾಲಿಗೆಯ ತುದಿಗೆ ಬಂದಿತ್ತು, ಅಕ್ಕನಿಗೂ ಅದು ಕಂಡಿತು. ಅವನು ಅದನ್ನು ಆಡಲಿಲ್ಲ, ನುಂಗಿಕೊಂಡ. ಅಷ್ಟರ ಮಟ್ಟಿಗೆ ಅವನು ಒಳ್ಳೆಯವನೇ. ಡಬ್ಬಿಯನ್ನು ತೋಳುದ್ದ ದೂರ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದ.

"ಹಾಗೇ ಅಂಟಿಸಿ," ಎಂದ. "ಇಷ್ಟು ಸಣ್ಣ ತೂತು ಯಾರಿಗೆ ಕಾಣುತ್ತೆ."

ಬೇರಕ್ಕನಿಗೆ ಅದು ಬರೀ ಬಡಾಯಿ ಎನ್ನಿಸಿತು. ಕಾಣದೆ ಏನು, ಮುಖದ ಮಧ್ಯೆ ಇರುವ ಮೂಗು. ಅಂಗಡಿಯವರು ಕೇಳುತ್ತಾರೆ, ತಾಯಂದಿರು ಕೇಳುತ್ತಾರೆ, ಆಗ ಸತ್ಯ ತಾನಾಗಿ ಹೊರಗೆ ಬೀಳುತ್ತದೆ ಎಂದು ನಂಬಿಕೊಂಡಿದ್ದಳು. ಆ ನಂಬಿಕೆ ಶುಕ್ರವಾರ ಸಂಜೆಯವರೆಗೆ ಉಳಿಯಿತು.

ಶುಕ್ರವಾರ ಸಂಜೆ ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ, ಆಸ್ಪತ್ರೆಯ ಆಯಾ ಸಮವಸ್ತ್ರದ ಒಬ್ಬಳು ಹೆಗಲ ಮೇಲೆ ಮಗು ಹಾಕಿಕೊಂಡು ಅವಳನ್ನೇ ನೋಡುತ್ತಿದ್ದಳು. ಇದು ಬೇರಕ್ಕನಿಗೆ ಹೊಸದಲ್ಲ. ಕೊನೆಗೆ ಅವಳು ಹತ್ತಿರ ಬಂದಳು.

"ಡಬ್ಬಿ ಅಕ್ಕ ನೀವೇ ಅಲ್ವಾ?"

"ಹೂಂ, ನಾನೇ."

ಅವಳು ಮಗುವಿನ ಅಂಗಿಯ ಕೊರಳಪಟ್ಟಿ ಸರಿಸಿ ತೋರಿಸಿದಳು. ಕತ್ತಿನ ಮಡಿಕೆಯಲ್ಲೆಲ್ಲ ಕೆಂಪು ಕೆಂಪಾಗಿ ಬೆವರುಸಾಲೆ ಎದ್ದಿತ್ತು. "ದೊಡ್ಡವನಿಗೂ ನಿಮ್ದೇ ಹಚ್ಚಿ ವಾಸಿ ಮಾಡ್ಕೊಂಡೆ. ಅಂಗಡೀಲಿ ಮುಗಿದಿದೆಯಂತೆ. ನಾಳೆ ಹೊಸದು ಬರುತ್ತೆ ಅಂದ್ರು, ಒಂದು ಎತ್ತಿಡಿ ಅಂತ ಹೇಳಿಟ್ಟಿದೀನಿ."

ಬೇರಕ್ಕ ಚೀಲಕ್ಕೆ ಕೈಹಾಕಿ, ತನ್ನ ಬಳಿಯಿದ್ದ ತೂತಿನ ಲೇಬಲ್ಲೊಂದನ್ನು ತೆಗೆದು ಅವಳ ಮುಂದೆ ಹಿಡಿದಳು. ಅವಳೇ ಕೇಳಲಿ ಎಂದು ಕಾದಳು.

ಆಯಾ ನೋಡಿದಳು. ತಿರುಗಿಸಿ ನೋಡಿದಳು. "ಹೊಸ ಡಿಸೈನಾ? ಚೆನ್ನಾಗಿದೆ," ಎಂದು ವಾಪಸ್ಸು ಕೊಟ್ಟಳು.

ಬಸ್ಸು ಬಂತು, ಆಯಾ ಹತ್ತಿ ಹೋದಳು. ಬೇರಕ್ಕನದೂ ಅದೇ ಬಸ್ಸು. ಅವಳು ಹತ್ತಲಿಲ್ಲ. ನಂಬಿದವರ ಕಣ್ಣಿಗೆ ತೂತು ಕಾಣುವುದಿಲ್ಲ, ಅವರು ಅದನ್ನೂ ತಾವೇ ತುಂಬಿಕೊಳ್ಳುತ್ತಾರೆ. ತಮ್ಮ ಹೇಳಿದ್ದೇ ಸರಿಯಾಯಿತು ಎಂಬುದು ಅವಳಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಮೂರು ಸಾವಿರ ಮೂಗು ಕೊಯ್ದು ಅವಳು ಸಾಧಿಸಿದ್ದು ಒಂದು ಹೊಸ ಡಿಸೈನು.

ಶನಿವಾರ ಬೆಳಗ್ಗೆ ಎಂಟಕ್ಕೆ ವ್ಯಾನು ಬಂತು. ರುಬ್ಬಣ್ಣನೂ ಡ್ರೈವರೂ ಸೇರಿ ಪೆಟ್ಟಿಗೆಗಳನ್ನು ಹಿಂದೆ ಜೋಡಿಸಿದರು. ತಮ್ಮ ಪಟ್ಟಿ ಹಿಡಿದು ಪಕ್ಕದಲ್ಲಿ ನಿಂತಿದ್ದ. ಎಲ್ಲ ತುಂಬಿ, ಹಿಂದಿನ ಬಾಗಿಲು ಮುಚ್ಚಿ, ಡ್ರೈವರ್ ಮುಂದೆ ಹತ್ತಿದರೆ ಪಕ್ಕದ ಸೀಟಿನಲ್ಲಿ ಬೇರಕ್ಕ ಕೂತಿದ್ದಳು. ಮಡಿಲಲ್ಲಿ ಚೀಲ, ಚೀಲದಲ್ಲಿ ನೀರಿನ ಬಾಟಲಿ, ಮಧ್ಯಾಹ್ನದ ಬುತ್ತಿ. ಒಳ್ಳೆಯ ಸೀರೆ ಉಟ್ಟಿದ್ದಳು.

"ಎಲ್ಲಿಗಮ್ಮಾ?" ಎಂದ ಡ್ರೈವರ್.

"ನೀನು ಹೋಗೋ ಕಡೆಗೇ. ಮೊದಲನೇ ಅಂಗಡಿಯಿಂದ ಕೊನೇದರವರೆಗೆ."

ತಮ್ಮ ಕಿಟಕಿಯ ಹತ್ತಿರ ಬಂದ. "ಇಳಿ ಅಕ್ಕ."

"ಇಳಿಯಲ್ಲ."

"ಜನ ನೋಡ್ತಿದಾರೆ. ಇಳಿ."

ನೋಡುತ್ತಿದ್ದರು. ಎದುರಿನ ದರ್ಜಿ ಕತ್ತರಿ ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದಿದ್ದ. ಡಬ್ಬಿ ತುಂಬುವ ಹೆಂಗಸರು ಬಾಗಿಲಲ್ಲಿ, ತಮ್ಮನ ಮಗಳು ಲೇಬಲ್ಲಿನ ಕೋಣೆಯ ಕಿಟಕಿಯಲ್ಲಿ.

"ಡಬ್ಬಿ ಹೋದ ಕಡೆಗೆಲ್ಲ ನನ್ನ ಮುಖ ಹೋಗುತ್ತೆ," ಎಂದಳು ಬೇರಕ್ಕ. "ಹನ್ನೊಂದು ವರ್ಷ ಅದೊಂದನ್ನೇ ಕಳಿಸಿದ್ದೆ. ಇವತ್ತು ನಾನೂ ಹೋಗ್ತೀನಿ. ನೀನು ಕಳಿಸೋನು ಕಳಿಸು, ನಾನು ತಡೆದೆನಾ?"

"ಹೋಗಿ ಏನು ಮಾಡ್ತೀಯ?"

"ಒಂದೊಂದು ಅಂಗಡೀಲೂ ಇಳಿದು ಹೇಳ್ತೀನಿ."

ತಮ್ಮನ ಕತ್ತಿನ ನರ ಎದ್ದು ನಿಂತಿತು. "ಏನಂತ ಹೇಳ್ತೀಯ? ನನ್ನ ತಮ್ಮ ಮೋಸಗಾರ ಅಂತಲಾ? ಹೇಳು, ಊರಿಗೆಲ್ಲ ಹೇಳ್ಕೊಂಡು ಬಾ. ಸಾಕಿದ ತಮ್ಮನ ಮರ್ಯಾದೆ ತೆಗೆದು ಬಾ."

"ನಿನ್ನ ಮಾತು ಯಾಕೆ ಎತ್ತಲಿ?" ಎಂದಳು ಅವಳು. ದನಿ ಏರಲಿಲ್ಲ. "ನನ್ನ ಮೂಗು ಹೋಗಿದೆ ಅಂತ ಹೇಳ್ತೀನಿ. ವಯಸ್ಸಾಯ್ತು, ವಾಸನೆ ಗೊತ್ತಾಗ್ತಿಲ್ಲ, ಈ ಸಲದ ಬೇರು ನೋಡೋದ್ರಲ್ಲಿ ತಪ್ಪಿದೆ, ತಗೋಬೇಡಿ ಅಂತ ಹೇಳ್ತೀನಿ. ಹಿಂದೆ ಒಂದ್ಸಲ ತಪ್ಪಿದ್ದೂ ಇದೆಯಲ್ಲ, ಸೋಪಿನವರಿಗೂ ಗೊತ್ತು. ಎಲ್ಲರೂ ನಂಬ್ತಾರೆ."

ತಮ್ಮ ಅವಳ ಮುಖ ನೋಡಿದ. ಈ ಹೆಂಗಸಿನ ಹತ್ತಿರ ಇದ್ದದ್ದು ಆ ಮೂಗೊಂದೇ. ಹೊಲವಿಲ್ಲ, ಮನೆಯಿಲ್ಲ, ಗಂಡ ಬಿಟ್ಟು ಹೋದಾಗ ಒಂದು ಟ್ರಂಕು ಹಿಡಿದು ಬಂದವಳು. ಊರು ಅವಳಿಗೆ ದಾರಿ ಬಿಡುತ್ತಿದ್ದದ್ದು ಆ ಮೂಗು ನೋಡಿ. ಅದನ್ನು ಇವತ್ತು ಮೂವತ್ತೆರಡು ಅಂಗಡಿಗಳ ಕಟ್ಟೆಯ ಮೇಲೆ ತಾನೇ ಕೈಯಾರೆ ಇಟ್ಟು ಬರಲು ಒಳ್ಳೆಯ ಸೀರೆ ಉಟ್ಟು ಹೊರಟಿದ್ದಾಳೆ. ತಮ್ಮನ ಹೆಸರಿಗೆ ಒಂದು ಚುಕ್ಕೆ ತಾಗದ ಹಾಗೆ.

"ಆಮೇಲೆ ನಿನ್ನನ್ನ ಯಾರೂ ನಂಬಲ್ಲ ಅಕ್ಕ," ಎಂದ. ದನಿ ಒಡೆದಿತ್ತು.

"ನಂಬೋದು ಬೇಡ. ಸುಳ್ಳು ಬೇರಿಗೆ ನಂಬಿಕೆ ಕೊಡೋದಕ್ಕಿಂತ ಅದೇ ವಾಸಿ." ಅವಳು ಡ್ರೈವರನ ಕಡೆ ತಿರುಗಿದಳು. "ನಡಿಯಪ್ಪ, ಬಿಸಿಲೇರುತ್ತೆ."

ಡ್ರೈವರ್ ಗಾಡಿ ಶುರುಮಾಡಿ, ಯಜಮಾನನ ಮುಖ ನೋಡಿದ. ಗಾಡಿ ನಿಂತಲ್ಲೇ ನಡುಗುತ್ತಿತ್ತು. ತಮ್ಮ ಪಟ್ಟಿಯನ್ನು ಮಡಚಿ ಜೇಬಿಗೆ ತುರುಕಿಕೊಂಡು, ವ್ಯಾನಿನ ಹಿಂದಕ್ಕೆ ಹೋಗಿ, ಬಾಗಿಲಿನ ಚಿಲಕ ತೆಗೆದು, ಮೊದಲನೇ ಪೆಟ್ಟಿಗೆಯನ್ನು ತಾನೇ ಎತ್ತಿ ಕೆಳಗಿಟ್ಟ. ಕೂಗಿ ಕರೆಯದಿದ್ದರೂ ರುಬ್ಬಣ್ಣ ಓಡಿ ಬಂದು ಎರಡನೆಯದಕ್ಕೆ ಕೈಹಾಕಿದ.

ಡ್ರೈವರ್ ಗಾಡಿ ಆರಿಸಿದ. "ಇನ್ನು ಇಳೀರಮ್ಮ, ಆಯ್ತಲ್ಲ."

"ಇನ್ನೂ ಎಷ್ಟಿವೆ ಒಳಗೆ?" ಎಂದು ಕೇಳಿದಳು ಬೇರಕ್ಕ.

"ಇಪ್ಪತ್ತೆಂಟು."

ಕೊನೆಯ ಪೆಟ್ಟಿಗೆ ನೆಲ ಮುಟ್ಟುವವರೆಗೂ ಅವಳು ಸೀಟು ಬಿಡಲಿಲ್ಲ.